ವಿಜಯಪುರದ ಬಿಸಿಲು, ದ್ರಾಕ್ಷಿ, ಎರೆ ಮಣ್ಣು: ಮನೆಯ ನಾಯಿ, ಬೆಕ್ಕಿಗೆ ವರ್ಷದ ಜೋಪಾನ

ಮೂರು ವರ್ಷದ ಹಿಂದಿನ ಏಪ್ರಿಲ್. ಇಂಡಿಯಲ್ಲಿ ಒಂದು ಮದುವೆ ಇತ್ತು. ಬೆಳಿಗ್ಗೆ ಹತ್ತಕ್ಕೆ ಮನೆ ಬಿಟ್ಟೆವು. ನಮ್ಮ ನಾಯಿ ಮೋತಿಯನ್ನು ಹಿತ್ತಲಲ್ಲಿ ಬಿಟ್ಟು, ಒಂದು ಬೋಗುಣಿ ತುಂಬ ನೀರಿಟ್ಟು, ಗೇಟು ಹಾಕಿಕೊಂಡು ಹೋದೆವು. ಹಿತ್ತಲಲ್ಲಿ ಪತ್ರಾಸಿನ (ತಗಡಿನ) ಶೆಡ್ ಇದೆ, ನೆರಳಿದೆ, ನೀರಿದೆ, ಇನ್ನೇನು ಬೇಕು ಅಂದುಕೊಂಡಿದ್ದೆ. ಅಕ್ಷತೆ ಮುಗಿಸಿ ಊಟ ಮಾಡಿ ಬರುವಷ್ಟರಲ್ಲಿ ನಾಲ್ಕಾಗಿತ್ತು. ಗೇಟಿನ ಸದ್ದಿಗೆ ಓಡಿ ಬರುವ ನಾಯಿ ಬರಲಿಲ್ಲ.

ಶೆಡ್ಡಿನ ಮೂಲೆಯಲ್ಲಿ ಮಲಗಿತ್ತು. ನಾಲಿಗೆ ಒಂದು ಗೇಣು ಹೊರಗೆ. ಜೊಲ್ಲು ದಾರದ ಹಾಗೆ ನೆಲದವರೆಗೆ ಇಳಿದಿತ್ತು, ಒಸಡು ಸುಟ್ಟ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಎಬ್ಬಿಸಿದರೆ ಹಿಂದಿನ ಕಾಲು ನಿಲ್ಲುತ್ತಿಲ್ಲ. ಬೋಗುಣಿಯ ನೀರು ಮುಟ್ಟಿ ನೋಡಿದೆ, ಚಹಾಕ್ಕೆ ಇಟ್ಟ ನೀರಿನ ಹಾಗೆ ಬಿಸಿ. ಗಾಬರಿಯಲ್ಲಿ ದೊಡ್ಡ ಟವೆಲ್ ಒದ್ದೆ ಮಾಡಿ ಮೈತುಂಬ ಹೊದಿಸಿದೆ. ಅವ್ವ ಪಕ್ಕದಲ್ಲಿ ನಿಂತು "ನೀರ ಕುಡಸ, ಬಾಯಾಗ ಹಾಕ" ಅನ್ನುತ್ತಿದ್ದಳು. ಡಾಕ್ಟರಿಗೆ ಫೋನ್ ಮಾಡಿದೆ. ಅವರು ಹೇಳಿದ ಮೊದಲ ಮಾತು: "ಆ ಟವೆಲ್ ತಗೀರಿ ಮೊದ್ಲು."

ನಾನು ಮಾಡಿದ್ದು ತಪ್ಪು. ಹೊದಿಸಿದ ಒದ್ದೆ ಬಟ್ಟೆ ಐದು ನಿಮಿಷದಲ್ಲಿ ಮೈಶಾಖಕ್ಕೆ ಬಿಸಿಯಾಗುತ್ತದೆ, ಆಮೇಲೆ ಅದು ಕಂಬಳಿಯ ಕೆಲಸ ಮಾಡುತ್ತದೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಪಾದದ ಅಡಿಯಲ್ಲಿ ಒಂಚೂರು ಬೆವರುತ್ತದೆ, ಉಳಿದದ್ದೆಲ್ಲ ತೇಕಿಯೇ ಹೊರಗೆ ಹಾಕಬೇಕು. ಸುತ್ತಲ ಗಾಳಿಯೇ ಬಿಸಿ ಇದ್ದರೆ ಎಷ್ಟು ತೇಕಿದರೂ ಏನು ಪ್ರಯೋಜನ?

ಇನ್ನೊಂದು ಪಾಠ ಪೈಪು ಹಿಡಿದಾಗ ಆಯಿತು. ನಲ್ಲಿ ತಿರುಗಿಸಿದರೆ ಮಾಳಿಗೆ ಮೇಲಿನ ಟಾಕಿಯಿಂದ ಬಂದದ್ದು ಸ್ನಾನಕ್ಕೆ ಕಾಯಿಸಿದಂಥ ಬಿಸಿ ನೀರು! ಕೊನೆಗೆ ಅಡುಗೆಮನೆಯ ನೀರಿನ ಹರವಿಯನ್ನೇ ಎತ್ತಿ ತಂದು ಹೊಟ್ಟೆ, ತೊಡೆಸಂದು, ಕಂಕುಳು, ಕುತ್ತಿಗೆಗೆ ಸುರಿದೆವು. ಟೇಬಲ್ ಫ್ಯಾನ್ ಎದುರಿಗಿಟ್ಟೆವು. ಹತ್ತು ನಿಮಿಷ ಹಾಗೆ ಮಾಡಿ ಗಾಡಿಗೆ ಹಾಕಿಕೊಂಡು ಹೋದೆವು. ಎರಡು ದಿನ ಸಲಾಯಿನ್. ಉಳಿಯಿತು. ಈಗಲೂ ಇದೆ, ಇದನ್ನು ಬರೆಯುವಾಗ ನನ್ನ ಕಾಲ ಹತ್ತಿರವೇ ಬಿದ್ದುಕೊಂಡಿದೆ.

ಆಮೇಲೆ ಫೋನಿನಲ್ಲಿ ಹುಡುಕಿ ಹುಡುಕಿ ಓದಿದೆ. ಬಹಳಷ್ಟು ಸಲಹೆ ಬೆಂಗಳೂರಿನ ಫ್ಲ್ಯಾಟಿನವರಿಗೆ ಬರೆದದ್ದು. "ಬೇಸಿಗೆಯಲ್ಲಿ ಸಂಜೆ ಐದಕ್ಕೆ ವಾಕಿಂಗ್ ಹೋಗಿ" ಅಂತ ಬರೆದಿರುತ್ತಾರೆ. ನಮ್ಮ ಊರಲ್ಲಿ ಏಪ್ರಿಲ್ ಸಂಜೆ ಐದಕ್ಕೆ ಮನುಷ್ಯರೇ ಹೊರಗೆ ಬರುವುದಿಲ್ಲ. ನಮ್ಮ ಕಡೆಯ ವರ್ಷವೇ ಬೇರೆ, ಅಪಾಯಗಳೂ ಬೇರೆ. ಅದಕ್ಕೆ ಇದನ್ನು ನಮ್ಮವರಿಗೆ ಅಂತಲೇ ಬರೆಯುತ್ತಿದ್ದೇನೆ.

ಬಿಸಿಲು: ಮಾರ್ಚಿನಿಂದ ಜೂನಿನ ಮಿರಗದ ಮಳೆಯವರೆಗೆ

ನಮ್ಮಲ್ಲಿ ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಪತ್ರಾಸಿನ ಕೆಳಗೆ ಅದಕ್ಕಿಂತ ಜಾಸ್ತಿ. ಪತ್ರಾಸಿನ ನೆರಳು ನೆರಳೇ ಅಲ್ಲ, ಅದು ಒಲೆ. ಶೆಡ್ ಬಿಟ್ಟು ಬೇರೆ ಜಾಗ ಇಲ್ಲದಿದ್ದರೆ ಮೇಲೆ ಜೋಳದ ಕಣಿಕಿ (ಒಣ ದಂಟು) ದಪ್ಪಗೆ ಹಾಸಿ. ಸುಗ್ಗಿ ಆಗತಾನೆ ಮುಗಿದಿರುತ್ತದೆ, ಹೊಲ ಇದ್ದವರ ಮನೆಯಲ್ಲಿ ಬೇಕಾದಷ್ಟು ಸಿಗುತ್ತದೆ. ಮಧ್ಯಾಹ್ನ ಒಂದೆರಡು ಸಲ ನೀರು ಚಿಮುಕಿಸಿದರೆ ಒಳಗೆ ಎದ್ದು ಕಾಣುವಷ್ಟು ತಂಪಾಗುತ್ತದೆ. ಬಚ್ಚಲ ಒಲೆ ಹತ್ತಿರ ಇದ್ದರೆ ಮಾತ್ರ ಬೇಡ, ಕಿಡಿ ಹಾರಿದರೆ ಮುಗಿಯಿತು.

ನನ್ನ ಮಾತು ಕೇಳುವುದಾದರೆ ಹನ್ನೊಂದರಿಂದ ಐದರವರೆಗೆ ನಾಯಿಯನ್ನು ಮನೆಯೊಳಗೇ ಇಡಿ. ಹಳೆಯ ಕಲ್ಲಿನ ಮನೆಯಾದರೆ ಪಡಸಾಲೆಯ ಶಹಾಬಾದ್ ಕಲ್ಲಿನ ಮೇಲೆ ತಾನೇ ಹೋಗಿ ಹೊಟ್ಟೆ ಹಚ್ಚಿ ಮಲಗುತ್ತದೆ, ಫ್ಯಾನೂ ಬೇಕಾಗುವುದಿಲ್ಲ. "ಅದೇನ್ ಮನಷ್ಯಾ ಏನು, ಫ್ಯಾನ್ ಹಚ್ಚಾಕ" ಅಂತ ಮನೆಯ ಹಿರಿಯರು ಅನ್ನುತ್ತಾರೆ. ಅನ್ನಲಿ. ನಮ್ಮವ್ವನೂ ಅಂದಿದ್ದಳು, ಈಗ ಅವಳೇ ಮೋತಿಗೆ ಅಂತ ಫ್ಯಾನ್ ಹಚ್ಚುತ್ತಾಳೆ.

ನೀರನ್ನು ಸ್ಟೀಲ್ ಬೋಗುಣಿಯಲ್ಲಿ ಇಡಬೇಡಿ, ಮಣ್ಣಿನದರಲ್ಲಿ ಇಡಿ. ಎರಡು ಜಾಗದಲ್ಲಿ ಇಡಿ, ಒಂದನ್ನು ಉರುಳಿಸಿದರೆ ಇನ್ನೊಂದಿರಲಿ. ಸಾಮಾನ್ಯ ದಿನದಲ್ಲಿ ನಾಯಿಗೆ ಕಿಲೋ ತೂಕಕ್ಕೆ 50ರಿಂದ 60 ಮಿಲಿಲೀಟರ್ ನೀರು ಬೇಕು, ಅಂದರೆ 30 ಕಿಲೋ ನಾಯಿಗೆ ಒಂದೂವರೆ ಲೀಟರಿನ ಮೇಲೆ. ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ಉಪ್ಪು, ಒಗ್ಗರಣೆ ಇಲ್ಲದ ತಿಳಿ ಮಜ್ಜಿಗೆ ಸ್ವಲ್ಪ ಕೊಡಬಹುದು. ಹೊಟ್ಟೆ ಕೆಟ್ಟರೆ ನಿಲ್ಲಿಸಿ. ರೊಟ್ಟಿಯನ್ನು ಒಣಗಿದ್ದು ಹಾಕುವ ಬದಲು ನೀರಿನಲ್ಲಿ ನೆನೆಸಿ ಹಾಕಿದರೆ ಅಷ್ಟು ನೀರೂ ಹೊಟ್ಟೆಗೆ ಹೋಗುತ್ತದೆ.

ತಿರುಗಾಡಿಸಲು ಬೆಳಿಗ್ಗೆ ಆರೂವರೆಯೊಳಗೆ, ಇಲ್ಲ ರಾತ್ರಿ ಎಂಟರ ಮೇಲೆ ಹೋಗಿ. ಸಂಜೆ ಗಾಳಿ ತಂಪಾಯಿತು ಅಂತ ಆರಕ್ಕೇ ಹೊರಟರೆ ಸೋಲಾಪುರ ರಸ್ತೆಯ ಡಾಂಬರು ಇನ್ನೂ ಸುಡುತ್ತಿರುತ್ತದೆ. ನಿಮಗೆ ಚಪ್ಪಲಿ ಇದೆ, ಅದಕ್ಕಿಲ್ಲ. ಅಂಗೈಯ ಹಿಂಭಾಗವನ್ನು ರಸ್ತೆಗೆ ಹಚ್ಚಿ ಏಳರವರೆಗೆ ಎಣಿಸಿ. ತಡೆಯಲಾಗದಿದ್ದರೆ ವಾಪಸ್ ಬನ್ನಿ.

ಕಾರಿನಲ್ಲಿ ಬಿಟ್ಟು ಹೋಗುವುದು ಬೇಡವೇ ಬೇಡ. "ಐದು ನಿಮಿಷ, ಗ್ಲಾಸ್ ಸ್ವಲ್ಪ ಇಳಿಸೀನಿ" ಅನ್ನುತ್ತಾರೆ. ನಿಂತ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಹೊರಗಿಗಿಂತ ಹತ್ತು ಡಿಗ್ರಿ ಏರಬಹುದು. ಗ್ಲಾಸ್ ನಾಲ್ಕು ಬೆರಳು ಇಳಿಸಿದರೂ ಹೆಚ್ಚು ವ್ಯತ್ಯಾಸ ಆಗುವುದಿಲ್ಲ. ಗೋಳಗುಮ್ಮಟದ ಮುಂದೆ ಮೇ ತಿಂಗಳ ಮಧ್ಯಾಹ್ನ ಒಂದು ಪಗ್ ಹಾಗೆ ಕಾರಿನಲ್ಲಿ ಕೂತದ್ದನ್ನು ನಾನೇ ನೋಡಿದ್ದೇನೆ. ಪಗ್, ಶಿಟ್ಸು, ಬುಲ್‌ಡಾಗ್, ಪರ್ಷಿಯನ್ ಬೆಕ್ಕು, ಇವುಗಳ ಮೂಗು ಚಪ್ಪಟೆ. ಸರಿಯಾಗಿ ತೇಕಲೂ ಬರುವುದಿಲ್ಲ. ನಮ್ಮಂಥ ಊರಲ್ಲಿ ಪಗ್ ಸಾಕುವವರು ಒಂದು ಕೂಲರಿನ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಬೇಕು, ತಪ್ಪು ತಿಳಿಯಬೇಡಿ.

ಕೂಲರ್ ಅಂದಾಗ ನೆನಪಾಯಿತು. ತಗಡಿನ ಕೂಲರಿಗೆ ಅರ್ಥಿಂಗ್ ಸರಿ ಇಲ್ಲದಿದ್ದರೆ ಕರೆಂಟ್ ಹೊಡೆಯುತ್ತದೆ. ನಾಯಿ, ಬೆಕ್ಕು ಹೋಗಿ ಅದರ ತಳದಲ್ಲಿ ಸೋರುವ ನೀರನ್ನೇ ನೆಕ್ಕುತ್ತವೆ. ಸೀಸನ್ ಶುರುವಾಗುವ ಮುಂಚೆ ಒಮ್ಮೆ ಎಲೆಕ್ಟ್ರಿಷಿಯನ್‌ಗೆ ತೋರಿಸಿಬಿಡಿ.

ಇನ್ನು ಕೂದಲು. ಪಮೇರಿಯನ್, ಜರ್ಮನ್ ಶೆಪರ್ಡ್, ಲ್ಯಾಬ್ ಇವುಗಳಿಗೆ ಎರಡು ಪದರದ ಕೂದಲು. ಬೋಳಿಸಿದರೆ ತಂಪಾಗುತ್ತದೆ ಅನ್ನುವುದು ತಪ್ಪು. ಆ ಕೂದಲೇ ಬಿಸಿಲಿಗೆ ಅಡ್ಡ. ಬಾಚಿ ಉದುರಿದ ಕೂದಲು ತೆಗೆಯಿರಿ, ಅಷ್ಟು ಸಾಕು.

ಮುಧೋಳ ನಾಯಿ ಸಾಕಿದವರು "ನಮ್ಮದು ಈ ಮಣ್ಣಿನದ, ಬಿಸಿಲ ಏನ್ ಮಾಡ್ತೈತಿ" ಅನ್ನುತ್ತಾರೆ. ತೆಳ್ಳಗಿನ ಮೈ, ಗಿಡ್ಡ ಕೂದಲು, ಹೌದು, ಲ್ಯಾಬಿಗಿಂತ ಚೆನ್ನಾಗಿ ತಡೆಯುತ್ತದೆ. ಆದರೆ ಅದು ಓಡುವ ನಾಯಿ. ಮೊಲ ಕಂಡರೆ ಮೈಮರೆತು ಓಡುತ್ತದೆ, ಹಾಗೆ ಓಡುವಾಗ ಮೈಯೊಳಗೇ ಬಿಸಿ ಹುಟ್ಟುತ್ತದೆ. ಬೆಳಿಗ್ಗೆ ಏಳರ ಮೇಲೆ ಓಡಿಸಬೇಡಿ. ಹಾಗೇ ಅದಕ್ಕೆ ಆಪರೇಷನ್ ಇದ್ದರೆ ಡಾಕ್ಟರಿಗೆ ತಳಿ ಯಾವುದು ಅಂತ ಮುಂಚೆಯೇ ಹೇಳಿ. ಈ ಜಾತಿಯ ಸಪೂರ ನಾಯಿಗಳಿಗೆ ಕೆಲವು ಅರಿವಳಿಕೆ ಔಷಧ ಬೇಗ ಇಳಿಯುವುದಿಲ್ಲ.

ಬಿಸಿಲು ಹೊಡೆದದ್ದು ಹೇಗೆ ಗೊತ್ತಾಗುತ್ತದೆ? ನಿಲ್ಲದ ತೇಕು, ಅಂಟು ಜೊಲ್ಲು, ಕಡುಕೆಂಪು ಒಸಡು, ತೂರಾಟ, ವಾಂತಿ. ಮನೆಯಲ್ಲಿ ಒಂದು ಡಿಜಿಟಲ್ ಥರ್ಮಾಮೀಟರ್ ನಾಯಿಗೇ ಅಂತ ಇಟ್ಟಿರಿ. ತುದಿಗೆ ಕೊಬ್ಬರಿ ಎಣ್ಣೆ ಸವರಿ ಗುದದಲ್ಲಿ ಒಂದು ಇಂಚು ಹಾಕಿ ನೋಡಬೇಕು. ನಾಯಿಯ ಮಾಮೂಲು ಶಾಖ 101ರಿಂದ 102.5 ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಜ್ವರ ಅನಿಸುವುದು ಅದಕ್ಕೆ ಸರಿ. 104 ದಾಟಿದರೆ ಗಂಭೀರ, 106 ಅಂದರೆ ಒಳಗಿನ ಅಂಗಗಳಿಗೇ ಪೆಟ್ಟು. ಮೈಗಿಂತ ತಣ್ಣಗಿರುವ ಯಾವ ನೀರು ಕೈಗೆ ಸಿಕ್ಕರೂ ಸುರಿಯಿರಿ, ಮೇಲೆ ಗಾಳಿ ಬೀಸಲಿ. ಐಸ್ ಹುಡುಕುತ್ತ ಕೂರಬೇಡಿ. ಬಾಯಿಗೆ ಬಲವಂತವಾಗಿ ನೀರು ಹಾಕಬೇಡಿ, ಅದು ಶ್ವಾಸಕೋಶಕ್ಕೆ ಹೋಗುತ್ತದೆ. 103ಕ್ಕೆ ಇಳಿದ ಮೇಲೆ ಸುರಿಯುವುದು ನಿಲ್ಲಿಸಿ. ಎದ್ದು ಬಾಲ ಅಲ್ಲಾಡಿಸಿತು ಅಂತ ಆಸ್ಪತ್ರೆ ತಪ್ಪಿಸಬೇಡಿ. ಕಿಡ್ನಿಗೆ ಆದ ಪೆಟ್ಟು ಒಂದೆರಡು ದಿನ ಬಿಟ್ಟು ಕಾಣಿಸುತ್ತದೆ.

ಬೆಕ್ಕಿನ ವಿಷಯ ಚಿಕ್ಕದು. ಬೆಕ್ಕು ತನ್ನ ತಂಪು ಜಾಗ ತಾನೇ ಹುಡುಕಿಕೊಳ್ಳುತ್ತದೆ. ಆದರೆ ಬೆಕ್ಕು ನಾಯಿಯ ಹಾಗೆ ಬಾಯಿ ತೆರೆದು ತೇಕುತ್ತಿದ್ದರೆ ಅದು ಮಾಮೂಲು ಅಲ್ಲ, ಕೂಡಲೇ ಹೊರಡಿ. ಬೇಸಿಗೆ ರಾತ್ರಿ ಮನೆಮಂದಿಯೆಲ್ಲ ಮಾಳಿಗೆ ಮೇಲೆ ಮಲಗುತ್ತೇವಲ್ಲ, ಮರಿ ಬೆಕ್ಕು ಹಿಂದೆಯೇ ಬಂದು ಅಂಚಿನಲ್ಲಿ ಆಡಿ ಬೀಳುತ್ತದೆ. ಲವ್‌ಬರ್ಡ್ಸ್ ಪಂಜರವನ್ನು ಪಡುವಣ ಗೋಡೆಯಿಂದ ತೆಗೆದಿಡಿ.

ದ್ರಾಕ್ಷಿ

ಇದನ್ನು ಓದುವವರಲ್ಲಿ ದ್ರಾಕ್ಷಿ ಬೆಳೆಯುವ ತಿಕೋಟಾ ಕಡೆಯವರು ಇದ್ದರೆ ದಯವಿಟ್ಟು ಗಮನ ಕೊಡಿ. ದ್ರಾಕ್ಷಿ ನಾಯಿಗೆ ವಿಷ. ಒಣದ್ರಾಕ್ಷಿ ಇನ್ನೂ ಕೆಟ್ಟದ್ದು, ಯಾಕೆಂದರೆ ಅದು ನೀರು ಹೋಗಿ ಗಟ್ಟಿಯಾದ ದ್ರಾಕ್ಷಿಯೇ. ಮೊದಲ ಸಲ ಕೇಳಿದಾಗ ನಾನೂ ನಕ್ಕಿದ್ದೆ. ಜನವರಿಯಿಂದ ಏಪ್ರಿಲ್‌ವರೆಗೆ ನಮ್ಮ ಮನೆಗಳಲ್ಲಿ ದ್ರಾಕ್ಷಿ ಬುಟ್ಟಿ ನೆಲದ ಮೇಲೇ ಇರುತ್ತದೆ, ಬಿದ್ದ ಕಾಳು ಯಾರೂ ಎಣಿಸುವುದಿಲ್ಲ.

"ನಮ್ಮ ತೋಟದ ನಾಯಿ ವರ್ಷಾ ತಿಂತೈತಿ, ಏನೂ ಆಗಿಲ್ಲ" ಅನ್ನುವವರು ಇದ್ದೇ ಇರುತ್ತಾರೆ. ಇರಬಹುದು. ಇದರ ತೊಂದರೆಯೇ ಅದು. ಒಂದು ನಾಯಿ ಗೊಂಚಲು ತಿಂದೂ ಆರಾಮ ಇರುತ್ತದೆ, ಇನ್ನೊಂದು ನಾಲ್ಕು ಕಾಳಿಗೆ ಕಿಡ್ನಿ ಕಳೆದುಕೊಳ್ಳುತ್ತದೆ. ಇಷ್ಟರವರೆಗೆ ಪರವಾಗಿಲ್ಲ ಅನ್ನುವ ಲೆಕ್ಕವೇ ಇಲ್ಲ. 2021ರಲ್ಲಿ ಅಮೆರಿಕದ ಪ್ರಾಣಿ ವಿಷತಜ್ಞರು ಇದಕ್ಕೆ ಟಾರ್ಟಾರಿಕ್ ಆಮ್ಲ ಕಾರಣ ಇರಬಹುದು ಅಂತ ಹೇಳಿದರು. ಆ ಆಮ್ಲ ಹಣ್ಣಿಂದ ಹಣ್ಣಿಗೆ, ತಳಿಯಿಂದ ತಳಿಗೆ ಹೆಚ್ಚುಕಡಿಮೆ ಇರುತ್ತದೆ, ಅದಕ್ಕೇ ಒಂದೊಂದು ನಾಯಿಗೆ ಒಂದೊಂದು ಥರ ಇರಬೇಕು. ಅದೇ ಆಮ್ಲ ಹುಣಸೆಹಣ್ಣಿನಲ್ಲೂ ಜಾಸ್ತಿ. ಅಂಗಳದಲ್ಲಿ ಹುಣಸೆ ಬಡಿದು ಹರಡುವ ದಿನಗಳಲ್ಲಿ ಮೋತಿಯನ್ನು ನಾನು ಒಳಗೆ ಕಟ್ಟುತ್ತೇನೆ.

ತಿಂದದ್ದು ಕಂಡರೆ ವಾಂತಿ ಆಗಲಿ ನೋಡೋಣ ಅಂತ ಕಾಯಬೇಡಿ. ಮೊದಲ ಒಂದೆರಡು ತಾಸಿನಲ್ಲಿ ಡಾಕ್ಟರು ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಿದರೆ ಬಹಳಷ್ಟು ಹೊರಗೆ ಬರುತ್ತದೆ. ಮನೆಯಲ್ಲೇ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೆಯ ಉಪಾಯ ಬೇಡ, ಆ ಉಪ್ಪೇ ಇನ್ನೊಂದು ವಿಷ. ಒಂದೆರಡು ದಿನ ಬಿಟ್ಟು ಉಚ್ಚೆ ಕಡಿಮೆಯಾದರೆ ಆಗ ಬಹಳ ತಡವಾಗಿರುತ್ತದೆ. ನಾಗರಪಂಚಮಿಯ ಉಂಡಿಯಲ್ಲೂ ಮಣೂಕ (ಒಣದ್ರಾಕ್ಷಿ) ಇರುತ್ತದೆ, ಮಕ್ಕಳು ಪ್ರೀತಿಯಿಂದ ಒಂದು ತಿನಿಸಿಬಿಡುತ್ತಾರೆ. ಉಳ್ಳಾಗಡ್ಡಿ, ಬಳ್ಳೊಳ್ಳಿಯೂ ನಾಯಿ, ಬೆಕ್ಕು ಎರಡಕ್ಕೂ ಆಗದು, ರಕ್ತ ಕೆಡಿಸುತ್ತದೆ. ಹಾಗಾಗಿ ಉಳ್ಳಾಗಡ್ಡಿ ಹಾಕಿದ ಝುಣಕ ಉಳಿದರೆ ಅವುಗಳ ತಟ್ಟೆಗೆ ಬೀಳಬಾರದು.

ಮಳೆ: ಉಣ್ಣಿ, ಎರೆ ಮಣ್ಣು, ಹಾವು

ಮಳೆ ಬಿದ್ದ ಮೇಲೆ ದೊಡ್ಡ ಶತ್ರು ಉಣ್ಣಿ. ನಾಯಿಯ ಮೈಮೇಲೆ ಕಾಣುವುದು ಸ್ವಲ್ಪ, ಉಳಿದದ್ದು ಗೋಡೆಯಲ್ಲಿ. ರಕ್ತ ಕುಡಿದು ಉಬ್ಬಿದ ಹೆಣ್ಣು ಉಣ್ಣಿ ಮೈಬಿಟ್ಟು ಇಳಿದು ಗೋಡೆ ಹತ್ತಿ ಸಂದಿಯಲ್ಲಿ ಸಾವಿರಾರು ತತ್ತಿ ಇಡುತ್ತದೆ. ನಮ್ಮ ಹಳೆಯ ಕಲ್ಲುಗೋಡೆಯ ಮಣ್ಣಿನ ಸಂದು ಅದಕ್ಕೆ ಹೇಳಿ ಮಾಡಿಸಿದ್ದು. ನಾಯಿಗೆ ಎಷ್ಟು ಔಷಧ ಹಾಕಿದರೂ ಮತ್ತೆ ಮತ್ತೆ ಬರುತ್ತದೆ ಅನ್ನುವವರು ಗೋಡೆ ನೋಡಬೇಕು. ಮಲಗುವ ಜಾಗದ ಸುತ್ತ ಸಂದುಗಳಿಗೆ ಸಿಮೆಂಟ್ ತುಂಬಿ. ಗೋಣಿತಟ್ಟನ್ನು ವಾರಕ್ಕೊಮ್ಮೆ ಕುದಿಯುವ ನೀರಲ್ಲಿ ಹಾಕಿ ಒಣಗಿಸಿ.

ಕಚ್ಚಿದ ಉಣ್ಣಿಯನ್ನು ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ. ಬೆರಳಲ್ಲಿ ಒರೆಸಿ ಹಿಚುಕಬೇಡಿ. ಕಡ್ಡಿ ಗೀರಿ ಸುಡುವುದು, ಸೀಮೆಎಣ್ಣೆ ಹಚ್ಚುವುದು ಬೇಡ. ದನಕ್ಕೆ ತಂದ ಉಣ್ಣಿ ಔಷಧವನ್ನು ಅಂದಾಜಿನ ಮೇಲೆ ನಾಯಿಗೆ ಸಿಂಪಡಿಸುವವರು ಬಹಳ ಜನ. ಪ್ರಮಾಣ ತಪ್ಪಿದರೆ ನಾಯಿ ನಡುಗಿ ಬೀಳುತ್ತದೆ. ಬೆಕ್ಕಿಗಂತೂ ನಾಯಿಯ ಔಷಧವೂ ಹಾಕಬಾರದು, ಅದರಲ್ಲಿ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇದ್ದರೆ ಬೆಕ್ಕು ಸಾಯಬಹುದು. ಬಾಟಲಿ ಮೇಲಿನ ಅಕ್ಷರ ಓದಿ ಹಾಕಿ.

ಉಣ್ಣಿಯಿಂದ ಬರುವ ರೋಗದ್ದು ಕಳ್ಳ ನಡಿಗೆ. ಜ್ವರ ಬಂದು ಹೋಗಿ ಮಾಡುತ್ತದೆ, ಊಟ ಬಿಡುತ್ತದೆ, ಒಸಡು ಬಿಳಚುತ್ತದೆ, ಕೆಲವಕ್ಕೆ ಮೂಗಲ್ಲಿ ರಕ್ತ, ಇಲ್ಲ ಉಚ್ಚೆ ಕಂದು ಬಣ್ಣ. ಇದರಲ್ಲಿ ಒಂದು ಕಂಡರೂ ರಕ್ತಪರೀಕ್ಷೆ ಮಾಡಿಸಿ. ಬೇಗ ಹಿಡಿದರೆ ಬಹಳಷ್ಟು ಸಲ ಔಷಧದಲ್ಲೇ ಹೋಗುತ್ತದೆ.

ಎರೆ ಮಣ್ಣಿನ ಕಷ್ಟ ಹೊರಗಿನವರಿಗೆ ಹೇಳಿದರೆ ಅರ್ಥವಾಗುವುದಿಲ್ಲ. ಮಳೆಯಲ್ಲಿ ಹೊಲಕ್ಕೆ ಹೋಗಿ ಬಂದರೆ ನಾಯಿಯ ಬೆರಳ ಸಂದಿಯಲ್ಲಿ ಅದು ಮೇಣದ ಹಾಗೆ ಕೂರುತ್ತದೆ. ಹಾಗೇ ಬಿಟ್ಟರೆ ಮರುದಿನ ಕಲ್ಲಿನ ಉಂಡೆ. ಎಳೆದು ಕೀಳಬೇಡಿ, ಚರ್ಮ ಕಿತ್ತು ಬರುತ್ತದೆ. ಉಗುರುಬೆಚ್ಚಗಿನ ನೀರಿನ ಬುಟ್ಟಿಯಲ್ಲಿ ಒಂದೊಂದೇ ಕಾಲು ಐದು ನಿಮಿಷ ಇಡಿ, ತಾನೇ ಕರಗುತ್ತದೆ. ಆಮೇಲೆ ಸಂದಿಯನ್ನು ಒಣಬಟ್ಟೆಯಿಂದ ಒರೆಸುವುದು ಮುಖ್ಯ. ಒದ್ದೆ ಉಳಿದರೆ ಬೂಸ್ಟು ಹಿಡಿದು ನಾಯಿ ಕಾಲು ನೆಕ್ಕುತ್ತಲೇ ಇರುತ್ತದೆ. ಜೋಲು ಕಿವಿಯ ನಾಯಿಗಳ ಕಿವಿಯನ್ನೂ ಮೂಸಿ ನೋಡಿ, ಹುಳಿ ವಾಸನೆ ಬಂದರೆ ಸೋಂಕು.

ಗಟಾರದ ನೀರು, ನಿಂತ ಹೊಂಡದ ನೀರು ಕುಡಿಯಲು ಬಿಡಬೇಡಿ. ಇಲಿ ಉಚ್ಚೆ ಬೆರೆತ ನೀರಿನಿಂದ ಇಲಿಜ್ವರ ಬರುತ್ತದೆ, ನಾಯಿಯಿಂದ ಮನೆಯವರಿಗೂ ಅಂಟಬಹುದು. ಅದಕ್ಕೆ ಲಸಿಕೆ ಇದೆ, ವರ್ಷದ ಇಂಜೆಕ್ಷನ್ ಹಾಕಿಸುವಾಗ ಕೇಳಿ.

ಹಾವು ಕಚ್ಚಿದರೆ ಕಟ್ಟು ಕಟ್ಟಬೇಡಿ, ಕೊಯ್ಯಬೇಡಿ, ನಡೆಸಬೇಡಿ. ಎತ್ತಿಕೊಂಡು ಹೋಗಿ. ಮುಖ ಇಲ್ಲ ಕಾಲು ಒಂದೇ ಸಮ ಊದಿದರೆ ಕೊಳಕುಮಂಡಲ ಇರಬಹುದು, ಕಾಲು ಸೋತು ಕಣ್ಣು ಮುಚ್ಚುತ್ತಿದ್ದರೆ ನಾಗರವೋ ಕಟ್ಟುಹಾವೋ ಇರಬಹುದು. ಮನುಷ್ಯರಿಗೆ ಕೊಡುವ ಹಾವಿನ ವಿಷದ ಇಂಜೆಕ್ಷನ್ನೇ ನಾಯಿಗೂ ಕೆಲಸ ಮಾಡುತ್ತದೆ. ಹೊರಡುವ ಮುಂಚೆ ಫೋನ್ ಮಾಡಿ ಅದು ಅಲ್ಲಿದೆಯಾ ಕೇಳಿಕೊಳ್ಳಿ.

ಹುಚ್ಚುನಾಯಿ ರೋಗದ ಲಸಿಕೆ ಮಳೆಗಾಲಕ್ಕೆ ಮಾತ್ರ ಅಲ್ಲ, ಮೂರು ತಿಂಗಳ ಮರಿಗೆ ಮೊದಲನೆಯದು, ಆಮೇಲೆ ಪ್ರತಿ ವರ್ಷ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ, ಆ ಸುಮಾರಿಗೆ ಎಷ್ಟೋ ಪಶು ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕುತ್ತಾರೆ. ಬೆಕ್ಕಿಗೂ ಹಾಕಿಸಿ. ಯಾವ ನಾಯಿ, ಬೆಕ್ಕು ಪರಚಿದರೂ ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಹಚ್ಚಿ ಕೂರಬೇಡಿ. ರೋಗ ಶುರುವಾದ ಮೇಲೆ ಔಷಧವೇ ಇಲ್ಲ.

ಮದ್ದು, ಹಲಗಿ, ಬಣ್ಣ, ಆಮೇಲೆ ಚಳಿ

ಬೇರೆ ಊರಲ್ಲಿ ಪಟಾಕಿ ದೀಪಾವಳಿಗೆ ಒಮ್ಮೆ. ನಮಗೆ ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯಲ್ಲಿ ಮದ್ದು ಸುಡುವುದೂ ಇದೆ. ಆ ದಿನಗಳಲ್ಲಿ ಕತ್ತಲಾಗುವ ಮುಂಚೆಯೇ ತಿರುಗಾಡಿಸಿ ಊಟ ಹಾಕಿ, ಒಳಗಿನ ಕೋಣೆಯಲ್ಲಿ ಕಿಟಕಿ ಮುಚ್ಚಿ, ಟೀವಿಯೋ ಫ್ಯಾನೋ ಜೋರಾಗಿ ಇಡಿ. ಮಂಚದ ಕೆಳಗೆ ಹೋದರೆ ಹೋಗಲಿ, ಎಳೆಯಬೇಡಿ. ಕೊರಳಪಟ್ಟಿಗೆ ನಿಮ್ಮ ಫೋನ್ ನಂಬರ್ ಬರೆದು ಹಾಕಿ, ಹೆದರಿದ ನಾಯಿ ಗೇಟು ಹಾರಿದರೆ ಜಾತ್ರೆಯ ಜನದಲ್ಲಿ ಎಲ್ಲಿ ಅಂತ ಹುಡುಕುವಿರಿ? ತುಂಬ ಹೆದರುವ ನಾಯಿಯಾದರೆ ವಾರ ಮುಂಚೆ ಡಾಕ್ಟರನ್ನು ಕೇಳಿ. ಅಜ್ಜನ ನಿದ್ದೆ ಗುಳಿಗೆಯಲ್ಲಿ ಅರ್ಧ ಮುರಿದು ಕೊಡುವ ಕೆಲಸ ಬೇಡ.

ಬಾಗಲಕೋಟೆಯವರಿಗೆ ಹೋಳಿ ನಾನು ಹೇಳಬೇಕಾ? ಬಂಡಿಗಟ್ಟಲೆ ಬಣ್ಣ, ದಿನಗಟ್ಟಲೆ ಹಲಗಿ ಬಡಿತ. ನಾಯಿ, ಬೆಕ್ಕಿನ ಮೈಗೆ ಬಣ್ಣ ಬಿದ್ದರೆ ನೆಕ್ಕುವ ಮುಂಚೆ ತೊಳೆಯಿರಿ. ಒಣ ಬಣ್ಣವಾದರೆ ಮೊದಲು ಬಾಚಿ ಕೊಡವಿ, ಆಮೇಲೆ ನೀರು. ಸೀಮೆಎಣ್ಣೆಯಲ್ಲಿ ಒರೆಸುವುದು ಬೇಡ.

ಚಳಿಗಾಲದ ರಾತ್ರಿ ಇಲ್ಲಿ 10–12 ಡಿಗ್ರಿಗೆ ಇಳಿಯುತ್ತದೆ. ಮುಧೋಳ ನಾಯಿಗೆ ಬಿಸಿಲಿಗಿಂತ ಇದೇ ಕಷ್ಟ, ಮೈಮೇಲೆ ಕೊಬ್ಬೇ ಇಲ್ಲವಲ್ಲ. ಹಳೆಯ ಕೌದಿ ಹಾಸಿ. ಬೀದಿಯಲ್ಲಿ ಮರಿಗಳು ಹುಟ್ಟುವ ಕಾಲವೂ ಇದೇ. ಎತ್ತಿ ತಂದ ಮರಿಯನ್ನು ಲಸಿಕೆ ಮುಗಿಯದ ನಿಮ್ಮ ಮರಿಯ ಜೊತೆ ಬಿಡಬೇಡಿ. ಪಾರ್ವೊ ಅನ್ನುವ ವೈರಸ್ ರೋಗ ಬಂದರೆ ವಾಂತಿ, ನಾರುವ ರಕ್ತಭೇದಿ, ಎರಡೇ ದಿನದಲ್ಲಿ ಮರಿ ಹೋಗಿಬಿಡುತ್ತದೆ. ಆ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಫಿನಾಯಿಲ್‌ಗೆ ಸಾಯುವುದಿಲ್ಲ. ಬ್ಲೀಚಿಂಗ್ ಪೌಡರ್ ನೀರೇ ಬೇಕು. ಲಸಿಕೆ ಆರರಿಂದ ಎಂಟು ವಾರಕ್ಕೆ ಶುರು, ಮೂರು ನಾಲ್ಕು ವಾರಕ್ಕೊಮ್ಮೆ, ನಾಲ್ಕು ತಿಂಗಳವರೆಗೆ.

ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡುವ ಮುಂಚೆ ಬಾನೆಟ್ ಮೇಲೆ ಎರಡು ಸಲ ಬಡಿಯಿರಿ, ಬೆಚ್ಚಗಿನ ಇಂಜಿನ್ ಪಕ್ಕದಲ್ಲಿ ಬೆಕ್ಕು ಮಲಗಿರುತ್ತದೆ.

ಚಳಿಯಲ್ಲಿ ಬೆಕ್ಕಿಗೆ ಮೈ ಬಿಸಿ ಅನಿಸಿದರೆ ಪ್ಯಾರಾಸಿಟಮಾಲ್ ಕೊಡಬೇಡಿ, ಕಾಲು ಗುಳಿಗೆಯೂ ಕೊಲ್ಲಬಹುದು. ನಾಯಿಗೆ ಐಬುಪ್ರೊಫೆನ್ ಬೇಡ.

ನಮ್ಮ ಮನೆಯಲ್ಲಿ ಒಂದು ಹಳೆಯ ಬಿಸ್ಕೀಟ್ ಡಬ್ಬಿ ಇದೆ. ಅದರಲ್ಲಿ ಥರ್ಮಾಮೀಟರ್, ಚಿಮಟ, ಹತ್ತಿ, ಬ್ಯಾಂಡೇಜ್, ಲಸಿಕೆ ಪುಸ್ತಕ, ಮತ್ತೆ ಒಂದು ಚೀಟಿ. ಚೀಟಿಯಲ್ಲಿ ಇಬ್ಬರು ಡಾಕ್ಟರ ನಂಬರ್ ಇದೆ, ಒಬ್ಬರು ಭಾನುವಾರ ಫೋನ್ ಎತ್ತುತ್ತಾರೆ ಅಂತ ಪಕ್ಕದಲ್ಲಿ ಬರೆದಿದೆ. ಸರ್ಕಾರದ ಪಶು ಸಹಾಯವಾಣಿ 1962 ಕೂಡ ಇದೆ, ಅದು ಮುಖ್ಯವಾಗಿ ದನಕರುಗಳಿಗೆ, ಆದರೂ ಇರಲಿ ಅಂತ. ಕೆಳಗೆ ಅವ್ವ ತನ್ನ ಅಕ್ಷರದಲ್ಲಿ ಸೇರಿಸಿದ್ದಾಳೆ: ಟವೆಲ್ ಹೊದಿಸಬಾರದು.